ಒಂಬತ್ತು ಒಣದಿನಗಳು

ನಮ್ಮೂರಿಗೆ ಸಕ್ಕರೆ ಬಂದ ದಿನ ಹಾಲು ಚರಂಡಿಗೆ ಹೋಗುತ್ತದೆ. ಬೇಕೆಂದು ಯಾರೂ ಚೆಲ್ಲುವುದಲ್ಲ. ಗೂಡ್ಸ್ ಗಾಡಿಯಿಂದ ಮೊದಲ ಮೂಟೆ ಇಳಿದು, ಮೊದಲ ಪಾಕ ಒಲೆಯ ಮೇಲೆ ಕುದಿದು, ಅದರಲ್ಲಿ ಅದ್ದಿದ ಬೆರಳು ನಾಲಿಗೆಗೆ ತಾಗಿದರೆ ಸಾಕು, ನಮ್ಮ ಹೊಟ್ಟೆ ಹಾಲನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ಬೆಳಿಗ್ಗೆ ಎರಡು ಲೋಟ ಗಟಗಟ ಕುಡಿದವನು ಸಂಜೆ ಒಂದು ಗುಟುಕು ಕುಡಿದರೆ ವಾಂತಿ. ಎಮ್ಮೆಗಳಿಗೆ ಇದು ತಿಳಿಯದು. ಅವು ಉಪ್ಪುಹುಲ್ಲು ಮೇಯ್ದುಕೊಂಡು ಹಾಲು ಕೊಡುತ್ತಲೇ ಇರುತ್ತವೆ, ಕೆಚ್ಚಲು ಬಾತುಕೊಳ್ಳದಿರಲಿ ಎಂದು ಹೆಂಗಸರು ಕರೆದು ಸುರಿಯುತ್ತಲೇ ಇರುತ್ತಾರೆ. ನಮ್ಮ ನೆಲದಲ್ಲಿ ಬೇರೇನೂ ಬೆಳೆಯುವುದಿಲ್ಲ. ಅನ್ನ, ರಾಗಿ, ಜೋಳ ಎಂಬ ಪದಗಳು ಶಾಲೆಯ ಪುಸ್ತಕದಲ್ಲಿವೆ, ಆನೆ ಮತ್ತು ಹಿಮದ ಚಿತ್ರಗಳ ಪಕ್ಕದಲ್ಲಿ.

ಸಕ್ಕರೆಯ ದಿನಗಳಲ್ಲಿ ಊರು ಚುರುಕಾಗಿರುತ್ತದೆ. ಜನ ಬೇಗ ನಡೆಯುತ್ತಾರೆ, ಬೇಗ ಜಗಳವಾಡುತ್ತಾರೆ, ಮದುವೆಗಳೆಲ್ಲ ಆಗುವುದು ಆಗಲೇ. ಹಾಲಿನ ದಿನಗಳು ನಿಧಾನ, ಮೈಯೆಲ್ಲ ಭಾರ. ಮೊಲೆ ಕುಡಿಯುವ ಕೂಸುಗಳಿಗೆ ಮಾತ್ರ ಇದ್ಯಾವುದೂ ಇಲ್ಲ. ಮೊದಲ ಬತ್ತಾಸು ನಾಲಿಗೆಗೆ ಇಟ್ಟ ದಿನ ಅವೂ ನಮ್ಮವರಾಗುತ್ತವೆ. ಆ ದಿನ ನೆಂಟರನ್ನು ಕರೆದು ಸಂಭ್ರಮಿಸುತ್ತೇವೆ. ಯಾಕೆ ಸಂಭ್ರಮಿಸುತ್ತೇವೆಂದು ನನಗೆ ಈಗ ಅರ್ಥವಾಗುವುದಿಲ್ಲ.

ಇವೆರಡರ ನಡುವೆ ಒಂಬತ್ತು ಒಣದಿನಗಳು. ಗೋದಾಮಿನ ಕೊನೆಯ ಮೂಟೆ ಮುಗಿದ ಮರುದಿನದಿಂದ ತಿನ್ನಲು ಸಕ್ಕರೆ ಇರುವುದಿಲ್ಲ, ಹಾಲು ಇದ್ದರೂ ಹಿಡಿಸುವುದಿಲ್ಲ. ಊರು ಊರೇ ಮಲಗಿಬಿಡುತ್ತದೆ. ಹೊಟ್ಟೆ ಹಾಲನ್ನು ಮತ್ತೆ ಕಲಿಯುವವರೆಗೆ ನೀರು ಕುಡಿದುಕೊಂಡು ಕಾಯಬೇಕು. ಸುಮ್ಮನೆ ಕಾದರೆ ಅದು ಕಲಿಯುವುದೂ ಇಲ್ಲ. ದಿನಕ್ಕೆ ಮೂರು ಸಲ ಒಂದೊಂದು ಚಮಚ ಹಾಲು ಒಳಗೆ ಹೋಗಬೇಕು, ವಾಪಸ್ಸು ಬರುತ್ತದೆಂದು ಗೊತ್ತಿದ್ದರೂ. ಹಾಲು ತಾಗದೆ ಹೋದರೆ ತೊಂಬತ್ತು ದಿನ ಮಲಗಿದರೂ ಹೊಟ್ಟೆ ಏಳುವುದಿಲ್ಲ. ಮಲಗಿದವರ ಬಾಯಿಗೆ ಆ ಚಮಚ ಹಿಡಿಯಲು ಕಾಲ ಮೇಲೆ ನಿಂತವರು ಯಾರಾದರೂ ಬೇಕಲ್ಲ. ಅದಕ್ಕೆ ಬೀದಿಗೊಬ್ಬ ಮುಂಚಿನವ.

ಗೋದಾಮಿನಲ್ಲಿ ಇನ್ನು ಹದಿನೈದು ದಿನಕ್ಕಾಗುವಷ್ಟೇ ಸಕ್ಕರೆ ಉಳಿದಿದೆ ಎನ್ನುವಾಗ ಮುಂಚಿನವ ಸಕ್ಕರೆ ಬಿಡುತ್ತಾನೆ. ಎಲ್ಲರೂ ಎದುರಿಗೇ ಪಾಕ ಚಪ್ಪರಿಸುತ್ತಿರುವಾಗ ತಾನೊಬ್ಬನೇ ಒಂಬತ್ತು ದಿನ ಒಣಗಿ, ಎದ್ದು, ಹಾಲು ಕುಡಿದು ಗಟ್ಟಿಯಾಗುತ್ತಾನೆ. ಊರು ಮಲಗುವ ಹೊತ್ತಿಗೆ ಅವನು ತಯಾರು. ಉಪ್ಪಿನ ಗದ್ದೆಯ ಬೀದಿಗೆ ನಾನು ನಾಲ್ಕು ಸಲ ಮುಂಚಿನವನಾಗಿದ್ದೆ. ಬೇರೆಯವರಿಗೆ ಹೆಂಡತಿ ಮಕ್ಕಳಿದ್ದಾರೆ ಎಂಬುದು ಕಾರಣ. "ನಿನಗೇನಪ್ಪ, ಒಂಟಿ ಎತ್ತು" ಎಂದು ಪಕ್ಕದ ಮನೆಯ ಸಾಕಮ್ಮ ಬತ್ತಾಸು ಕಡಿಯುತ್ತ ಹೇಳುತ್ತಿದ್ದಳು. "ಹತ್ತಿರ ಬರಬೇಡ, ಹಾಲಿನ ವಾಸನೆ."

ಗೋದಾಮು ಮುಚ್ಚಿದ ದಿನ ಮುಂಚಿನವ ಮನೆಮನೆಗೂ ಹೋಗಬೇಕು. ಡಬ್ಬಿ, ಮಡಕೆ, ಒರಳು, ಮಕ್ಕಳ ಜೇಬು, ಎಲ್ಲವನ್ನೂ ನೋಡಿ, ಉಳಿದ ಚೂರುಪಾರನ್ನೆಲ್ಲ ಕೆರೆಗೆ ಸುರಿಸಿ, ನೆಲ ತೊಳೆಸಿ, ಬಾಗಿಲಿಗೆ ಸುಣ್ಣದ ಗೆರೆ ಎಳೆಯಬೇಕು. ಒಣದಿನದ ನಡುವೆ ಯಾರಾದರೂ ಒಂದು ಕಾಳು ನೆಕ್ಕಿದರೆ ಅವರ ಲೆಕ್ಕ ಮತ್ತೆ ಮೊದಲಿನಿಂದ, ಒಂದನೇ ದಿನ. ಕಳೆದ ಸಲ ನಾನು ನಮ್ಮ ಬೀದಿಯ ಇಪ್ಪತ್ತಮೂರು ಮನೆಗಳನ್ನು ನೋಡಿದೆ. ಇಪ್ಪತ್ತನಾಲ್ಕನೆಯದು ನಮ್ಮದೇ. ಅವ್ವ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನಾನು ಒಳಗೆ ಹೋಗದೆ ಗೆರೆ ಎಳೆದೆ.

ಮನೆಯಲ್ಲಿ ನಾವು ಮೂವರು. ಅವ್ವ, ನಾನು, ತಂಗಿ ಹೊನ್ನಿ. ಹೊನ್ನಿಗೆ ಹತ್ತೊಂಬತ್ತು. ಆ ತಿಂಗಳು ಜ್ವರ ಬಂದು ಬಿಟ್ಟು, ಕುತ್ತಿಗೆಯ ಮೂಳೆ ಕಾಣುವಷ್ಟು ಇಳಿದಿದ್ದಳು. "ಈ ಸಲ ಒಣಗೋಕೆ ನನ್ನ ಹತ್ರ ಏನೂ ಉಳಿದಿಲ್ಲ ಕಣಣ್ಣ, ಮೊದಲೇ ಒಣಗಿದೀನಿ" ಎಂದು ನಗುತ್ತ ಚಾಪೆಯ ಮೇಲೆ ಮಲಗಿದಳು.

ಮುಂಚಿನವನ ಮುಖ್ಯ ಕೆಲಸ ಎಣಿಸುವುದು. ಚಮಚ ಬಾಯಿಗೆ ಹೋದ ಕ್ಷಣದಿಂದ ಹಾಲು ವಾಪಸ್ಸು ಬರುವವರೆಗೆ ಬೆರಳು ಮಡಿಸಿ ಎಣಿಸಬೇಕು. ಮೊದಲ ದಿನ ಹತ್ತಕ್ಕೇ ಬರುತ್ತದೆ. ಮೂರನೆಯ ದಿನ ಇಪ್ಪತ್ತೈದು, ಆರನೆಯ ದಿನ ಅರವತ್ತು, ಎಂಟನೆಯ ದಿನ ನೂರು ದಾಟುತ್ತದೆ. ಒಂಬತ್ತನೆಯ ದಿನ ಎಣಿಸುತ್ತಲೇ ಇರುತ್ತೇವೆ, ಹಾಲು ಬರುವುದಿಲ್ಲ. ಮಲಗಿದವರು ಆಗ ಕಣ್ಣು ತೆರೆದು ಇನ್ನೊಂದು ಚಮಚ ಕೇಳುತ್ತಾರೆ. ನನ್ನ ನಾಲ್ಕು ಸರದಿಯಲ್ಲಿ ಆ ಮಾತಿಗಿಂತ ಒಳ್ಳೆಯದನ್ನು ನಾನು ಕೇಳಿದ್ದಿಲ್ಲ.

ಒಂಬತ್ತನೆಯ ದಿನ ಬೀದಿ ಎದ್ದಿತು. ಅವ್ವನೂ ಎದ್ದಳು. ಹೊನ್ನಿಯ ಎಣಿಕೆ ಮಾತ್ರ ಹತ್ತಕ್ಕೇ ನಿಂತಿತ್ತು. ಜ್ವರದ ಮೈ, ತಡವಾಗಬಹುದು ಎಂದುಕೊಂಡೆ. ಹತ್ತನೆಯ ದಿನವೂ ಹತ್ತು. ಹನ್ನೊಂದನೆಯ ದಿನ ಒಂಬತ್ತು. ಹನ್ನೆರಡನೆಯ ದಿನ ನಾನು ಚಮಚವನ್ನು ಬಟ್ಟಲಿಗೆ ವಾಪಸ್ಸು ಇಡಹೊರಟಾಗ ಅವಳೇ ನನ್ನ ಮಣಿಕಟ್ಟು ಹಿಡಿದು ಚಮಚವನ್ನು ಬಾಯಿಗೆ ತಂದುಕೊಂಡಳು. ಎಂಟಕ್ಕೆ ವಾಂತಿಯಾಯಿತು. ನಾನು ರುದ್ರಪ್ಪ ಮೇಷ್ಟ್ರ ಮನೆಗೆ ಹೋದೆ.

ಮೇಷ್ಟ್ರು ಶಾಲೆಯಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ನಿವೃತ್ತಿಯಾದ ಮೇಲೆ ಪ್ರಯೋಗಾಲಯದ ಸಾಮಾನನ್ನೆಲ್ಲ ಮನೆಗೆ ತಂದಿಟ್ಟುಕೊಂಡಿದ್ದರು. ಕಿಟಕಿಯಲ್ಲಿ ಗಾಜಿನ ನಳಿಗೆಗಳು, ಅವುಗಳೊಳಗೆ ಬ್ಯಾಕ್ಟೀರಿಯಾ. ಬಿಳಿ ಗ್ಲೂಕೋಸನ್ನೂ ಹಾಲಿನಿಂದ ತೆಗೆದ ಸಕ್ಕರೆಯನ್ನೂ ಒಂದೇ ನೀರಿಗೆ ಬೆರೆಸಿ ಅವನ್ನು ಸಾಕುತ್ತಿದ್ದರು. ನೀರು ಎಷ್ಟು ಮಬ್ಬಾಯಿತೆಂದು ಗಂಟೆಗೊಮ್ಮೆ ನೋಡಿ ಕಪ್ಪುಹಲಗೆಯ ಮೇಲೆ ಚುಕ್ಕೆ ಇಡುತ್ತಿದ್ದರು. ಚುಕ್ಕೆ ಸೇರಿಸಿದ ಗೆರೆ ಮೇಲೇರಿ, ಒಂದಷ್ಟು ದೂರ ನೆಲದ ಹಾಗೆ ಚಪ್ಪಟೆಯಾಗಿ ಓಡಿ, ಮತ್ತೆ ಏರುತ್ತಿತ್ತು. ಊರಿನವರು ಇದನ್ನು ಮುದುಕರ ಹುಚ್ಚು ಎನ್ನುತ್ತಿದ್ದರು.

ಹೊನ್ನಿಯ ಎಣಿಕೆ ಕೇಳಿ ಅವರು ಹಲಗೆಯ ಕಡೆ ತಿರುಗಿದರು. "ನೋಡಯ್ಯ, ಈ ಚಪ್ಪಟೆ ಜಾಗ ಇದೆಯಲ್ಲ, ಇಲ್ಲಿ ಇವು ಸತ್ತಿಲ್ಲ. ಗ್ಲೂಕೋಸ್ ಮುಗಿದಿದೆ, ಹಾಲಿನ ಸಕ್ಕರೆ ಒಡೆಯೋ ಹತಾರ ಇನ್ನೂ ತಯಾರಾಗಿಲ್ಲ. ಹತಾರ ಹೇಗೆ ಮಾಡಬೇಕು ಅನ್ನೋ ಪಾಠ ಇವುಗಳ ಜೀನ್‌ನಲ್ಲೇ ಬರೆದಿದೆ. ಆದರೆ ಪಾಠದ ಮೇಲೆ ಒಬ್ಬ ಕಾವಲಿನವ ಅಡ್ಡ ಕೂತಿರ್ತಾನೆ. ಹಾಲಿನ ಸಕ್ಕರೆ ಹೋಗಿ ಅವನಿಗೆ ಅಂಟಿಕೊಂಡರೆ ಎದ್ದುಹೋಗ್ತಾನೆ."

"ಅದಕ್ಕೇ ದಿನಾ ಚಮಚ ಕೊಟ್ಟಿದೀನಿ, ಮೇಷ್ಟ್ರೇ."

"ಅವನು ಎದ್ದರೆ ಸಾಲದು. ಓದೋದಕ್ಕೆ ಹಸಿವಿರಬೇಕು. ಗ್ಲೂಕೋಸ್ ಪೂರ್ತಿ ನಿಂತಾಗ ಒಳಗೆ ಒಂದು ಹಸಿವಿನ ಸುದ್ದಿ ಹುಟ್ಟುತ್ತೆ, ಅದು ಬಂದು ತಟ್ಟಿದ ಮೇಲೇನೇ ಓದು ಜೋರಾಗೋದು. ಗ್ಲೂಕೋಸ್ ಬರ್ತಾ ಇದ್ದರೆ ಆ ಸುದ್ದಿ ಹುಟ್ಟಲ್ಲ. ಹಾಲಿನ ಸಕ್ಕರೆ ಒಳಗೆ ಬರೋ ಬಾಗಿಲನ್ನೂ ಅದೇ ಮುಚ್ಚಿಬಿಡುತ್ತೆ."

"ಎಷ್ಟು ಬರ್ತಾ ಇರಬೇಕು?"

"ನಿನ್ನ ತಂಗಿ ವಿಷಯಕ್ಕೆ ಕೇಳ್ತಿದೀಯಾ? ದಿನಾ ಒಂದು ಚಿಟಿಕೆ ಸಾಕು."

ನಾನು ನಳಿಗೆಗಳನ್ನು ನೋಡಿದೆ. ಇವುಗಳಲ್ಲಿ ಹಾಗೆ ಏಳದೇ ಉಳಿದದ್ದು ಯಾವುದಾದರೂ ಇದೆಯೇ ಎಂದು ಕೇಳಿದೆ.

"ಇಲ್ಲ" ಎಂದರು ಮೇಷ್ಟ್ರು. "ಇವಕ್ಕೆ ತಾಯಂದಿರಿಲ್ಲ."

ಮನೆಗೆ ಬಂದಾಗ ಅವ್ವ ಹೊನ್ನಿಯ ತಲೆದೆಸೆಯಲ್ಲಿ ಕೂತಿದ್ದಳು. ಅವಳ ತೋರುಬೆರಳು ಹೊನ್ನಿಯ ಬಾಯಲ್ಲಿತ್ತು. ನನ್ನನ್ನು ನೋಡಿ ತೆಗೆಯಲಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿಕೊಂಡು ಮಡಿಲಲ್ಲಿ ಬಿದ್ದಿತ್ತು, ಬೆಳ್ಳಗೆ ಒಂದು ಹಿಡಿಯಷ್ಟು.

"ಯಾವತ್ತಿಂದ?" ಎಂದೆ.

"ಮೂರನೇ ದಿನದಿಂದ. ಮುಖ ಸುಣ್ಣ ಆಗಿತ್ತು ಕಣೋ. ಒಂದು ಚಿಟಿಕೆ ಇಟ್ಟೆ, ಬಣ್ಣ ಬಂತು. ಮಾತಾಡಿದಳು."

"ನೀನೂ ತಿಂದೆಯಾ?"

"ನಾನ್ಯಾಕೆ ತಿನ್ನಲಿ. ಬೆರಳನ್ನೂ ಬೂದಿ ಹಾಕಿ ತೊಳೀತೀನಿ." ಆಮೇಲೆ, ನಾನು ಏನೂ ಕೇಳದಿದ್ದರೂ, ಹೇಳಿದಳು: "ನಿಮ್ಮಪ್ಪ ಏಳನೇ ದಿನ ಒಂದು ಚಿಟಿಕೆ ಕೇಳ್ತು. ಮನೇಲಿತ್ತು. ಲೆಕ್ಕ ಕೆಡುತ್ತೆ ಅಂತ ಕೊಡಲಿಲ್ಲ. ಸಂಜೆಗೆ ಜೀವ ಹೋಯ್ತು. ಹದಿನೆಂಟು ವರ್ಷದಿಂದ ನನ್ನ ಕಿವೀಲಿ ಕೇಳ್ತಾನೇ ಇದೆ."

"ಅವ್ವಾ, ನೀನು ದಿನಾ ಅವಳನ್ನ ಒಂದನೇ ದಿನಕ್ಕೆ ಎಳೆದು ತರ್ತಾ ಇದೀಯಾ."

"ಗೊತ್ತು. ಬಿಟ್ಟರೆ ಹೋಗ್ತಾಳೆ, ಕೊಟ್ಟರೆ ಇವತ್ತೊಂದು ದಿನ ಇರ್ತಾಳೆ. ನಾಳೆ ಗಾಡಿ ಬಂದರೆ?"

ಗಾಡಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನಲವತ್ತು ದಿನಕ್ಕೆ ಬಂದದ್ದಿದೆ, ಐದು ತಿಂಗಳಿಗೆ ಬಂದದ್ದಿದೆ. ಮಡಿಲಲ್ಲಿದ್ದದ್ದು ಅವ್ವ ಕೊಡುತ್ತಿದ್ದ ಲೆಕ್ಕದಲ್ಲಿ ಎಂಟು ದಿನಕ್ಕಾಗುತ್ತಿತ್ತು. ನಾನು ಅದನ್ನು ಕೆರೆಗೆ ಸುರಿಯಬೇಕೆಂದೆ. ಅವ್ವ ಎರಡೂ ಕೈ ಅಡ್ಡ ಇಟ್ಟಳು.

"ನಾನಿಲ್ಲೇ ಇದೀನಿ" ಎಂದಳು ಹೊನ್ನಿ. "ನನ್ನ ತಲೆ ಮೇಲಿಂದ ಮಾತಾಡಬೇಡಿ." ಕಣ್ಣು ಮುಚ್ಚಿಯೇ ಇದ್ದಳು. "ಅಣ್ಣ, ಇವತ್ತಿಗೆ ನಿಲ್ಲಿಸಿದರೆ ಇನ್ನು ಒಂಬತ್ತು ದಿನವಾ?"

"ಹೂಂ."

"ಹೀಗೇ ಇದ್ದರೆ ಒಂಬತ್ತು ದಿನ ಆಗಲ್ಲ ನನಗೆ. ಅಷ್ಟನ್ನೂ ಇವತ್ತೇ ಕೊಟ್ಟುಬಿಡಿ. ಒಂದು ಸಲ ಹೊಟ್ಟೆ ತುಂಬ ತಿಂದು ಆಮೇಲೆ ಶುರು ಮಾಡ್ತೀನಿ. ಅವ್ವ ಮನೇಲಿ ಇರಬಾರದು ಆಗ. ಇದ್ದರೆ ನಾನು ಕೇಳ್ತೀನಿ, ಅವಳು ಎಲ್ಲಿಂದಾದರೂ ತಂದು ಕೊಡ್ತಾಳೆ. ನೀನಾದರೆ ಕೊಡಲ್ಲ."

ಅವ್ವ ಅಳಲಿಲ್ಲ. ಒಲೆ ಹಚ್ಚಿ, ಹಿಡಿ ಸಕ್ಕರೆಯನ್ನು ಪಾಕ ಮಾಡಿ, ಬಟ್ಟಲಿಗೆ ಸುರಿದು, ಬಟ್ಟಲನ್ನು ಅವಳ ಕೈಗೆ ಕೊಟ್ಟು ದೂರ ಕೂತಳು. ಅರ್ಧ ಗಂಟೆಗೆ ಹೊನ್ನಿ ಗೋಡೆಗೆ ಒರಗಿ ಕೂತಿದ್ದಳು. ಸಂಜೆಯವರೆಗೂ ಮಾತಾಡಿದಳು. ಸಾಕಮ್ಮನ ನಡಿಗೆಯನ್ನು ಕೂತಲ್ಲೇ ಭುಜ ಅಲ್ಲಾಡಿಸಿ ತೋರಿಸಿದಳು. ನನಗೆ ಯಾವ ಬೀದಿಯಿಂದ ಹೆಣ್ಣು ತರಬೇಕೆಂದು ಅವ್ವನ ಜೊತೆ ಚರ್ಚಿಸಿದಳು. "ಎಮ್ಮೆ ಇಲ್ಲದ ಮನೆಯವಳಾದರೂ ಪರವಾಗಿಲ್ಲ, ಇವನ ಮೂಗು ಸಹಿಸಿಕೊಳ್ಳೋಳು ಸಿಗಬೇಕು." ಅವ್ವ ನಕ್ಕಳು. ಬಿಸಿಲು ಇಳಿಯುವ ಮೊದಲು ನಾನು ಅವ್ವನನ್ನು ಮೇಷ್ಟ್ರ ಮನೆಗೆ ಕರೆದುಕೊಂಡು ಹೋದೆ. ನಮ್ಮ ಹೊಸಿಲು ದಾಟುವಾಗ ಅವಳು ಸೆರಗಿನ ತುದಿಗೆ ತಾನೇ ಬಿಂದಿಗೆಯ ನೀರು ಸುರಿದು ಹಿಂಡಿದಳು.

ಒಂದನೆಯ ದಿನ ಹತ್ತು. ಎರಡನೆಯ ದಿನ ಹದಿನೆಂಟು. ಮೂರನೆಯ ದಿನ ಮೂವತ್ತಕ್ಕೆ ಬಂದಾಗ ನಾನು ಓಡಿಹೋಗಿ ಮೇಷ್ಟ್ರ ಹಲಗೆಯ ಮೇಲೆ ಬರೆಸಿದೆ. ಅವ್ವ ಬಾಗಿಲ ಸಂದಿಯಿಂದ ಅಂಕಿ ನೋಡಿ ಒಳಗೆ ಹೋದಳು. ನಾಲ್ಕನೆಯ ದಿನ ನಲವತ್ತು. ಎಣಿಕೆ ಏರುತ್ತಿತ್ತು, ಹೊನ್ನಿ ಇಳಿಯುತ್ತಿದ್ದಳು. ಐದನೆಯ ದಿನ ಅವಳು ಕೇಳಲು ಶುರು ಮಾಡಿದಳು. ಮೊದಲು ತಮಾಷೆಯಾಗಿ, ಆಮೇಲೆ ಬೈದು, ಆಮೇಲೆ ಮಗುವಿನ ಹಾಗೆ. "ಒಂದೇ ಒಂದು ಕಾಳು ಅಣ್ಣ. ಅಗಿಯಲ್ಲ. ನಾಲಿಗೆ ಮೇಲೆ ಇಟ್ಟುಕೊಂಡು ವಾಪಸ್ಸು ಕೊಡ್ತೀನಿ." ನೀನೇ ಬೇಡ ಅಂದಿದ್ದೆ ಎಂದು ನೆನಪಿಸಿದೆ. "ಅಂದೋಳು ಬೇರೆಯವಳು" ಎಂದಳು. "ಅವಳ ಹೊಟ್ಟೆ ತುಂಬಿತ್ತು." ಮನೆಯಲ್ಲಿ ಸಕ್ಕರೆ ಇರಲಿಲ್ಲ, ಹಾಗಾಗಿ ನಾನು ಗಟ್ಟಿಯಾಗಿದ್ದೆ.

ಆರನೆಯ ದಿನ ಬೆಳಿಗ್ಗೆ ಚಮಚ ಕೊಟ್ಟು ಬೆರಳು ಮಡಿಸಲು ಶುರು ಮಾಡಿದ್ದೆ, ಸಾಕಮ್ಮ ಬಂದಳು. ಹೊನ್ನಿಯ ಮುಖ ನೋಡಿ ಅಲ್ಲೇ ಕೂತಳು. ಹೊನ್ನಿಯ ಕಣ್ಣುಗಳು ಒಳಗೆ ಹೋಗಿದ್ದವು, ತುಟಿ ನೀಲಿಯಾಗಿತ್ತು. ನಾನು ಎಣಿಕೆ ಬಿಟ್ಟೆ. ಸಾಕಮ್ಮ ತನ್ನ ಮಗಳ ಕಥೆ ಹೇಳತೊಡಗಿದಳು. ಮಗಳು ಎಂಟು ವರ್ಷದ ಹಿಂದೆ ಇದೇ ಒಣದಿನದಲ್ಲಿ ಹೇಗೆ ಮಲಗಿದ್ದಳು, ಯಾವ ದಿನ ಏನು ಮಾತಾಡಿದಳು, ಕೊನೆಗೆ ಏನು ಕೇಳಿದಳು, ಹೇಗೆ ಹೋದಳು, ಮಣ್ಣಿಗೆ ಯಾರು ಯಾರು ಬಂದಿದ್ದರು, ಎಲ್ಲವನ್ನೂ. ಅದು ಮುಗಿದ ಮೇಲೆ ಹೊನ್ನಿ ಪಕ್ಕಕ್ಕೆ ಹೊರಳಿ ಹಾಲು ಕಕ್ಕಿದಳು. ಸಾಕಮ್ಮ ಕುಪ್ಪಸದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಮೊಣಕಾಲ ಬಳಿ ಇಟ್ಟಳು.

"ನಿಮ್ಮ ಮನೇನ ನಾನು ನೋಡಿದ್ದೆ" ಎಂದೆ.

"ನಿನ್ನ ಕಣ್ಣಿಗೆ ಬೀಳದ್ದು ಎಲ್ಲರ ಮನೇಲೂ ಇದೆ ಕಣಪ್ಪ. ತಿನ್ನೋಕಲ್ಲ. ಹೋಗೋರ ಬಾಯಿಗೆ ಇಡೋಕೆ ಅಂತ ಇಟ್ಟಿರ್ತೀವಿ. ಇವಳು ಉಳಿಯಲ್ಲ. ಒಣಬಾಯಲ್ಲಿ ಕಳಿಸಬೇಡ."

ಅವಳು ಹೋದಮೇಲೆ ನಾನು ಪೊಟ್ಟಣವನ್ನು ನೋಡುತ್ತ ತುಂಬ ಹೊತ್ತು ಕೂತಿದ್ದೆ. ಹೊನ್ನಿಯೂ ಅದನ್ನೇ ನೋಡುತ್ತಿದ್ದಳು. ಕೇಳಲಿಲ್ಲ. ಕೇಳಿದ್ದರೆ ನಾನು ಇಲ್ಲ ಎನ್ನುತ್ತಿದ್ದೆನೋ ಏನೋ. ಮಧ್ಯಾಹ್ನದ ಚಮಚಕ್ಕೆ ಬಾಯಿ ತೆರೆಯಲಾರದೆ ಹೋದಾಗ ನಾನು ಪೊಟ್ಟಣ ಬಿಚ್ಚಿ, ಬೆರಳು ಒದ್ದೆ ಮಾಡಿ, ಅದ್ದಿ, ಅವಳ ನಾಲಿಗೆಯ ಮೇಲೆ ಇಟ್ಟೆ. ಅವ್ವ ಹೇಳಿದ್ದು ನಿಜ. ಬಣ್ಣ ಬಂತು. ಕಿವಿಯ ಹತ್ತಿರ ಶುರುವಾಗಿ ಕೆನ್ನೆಗೆ ಹರಡಿತು. ಹೊನ್ನಿ ನನ್ನ ಬೆರಳನ್ನು ಒಂದು ಸಲ ಚೀಪಿ ಬಿಟ್ಟಳು.

"ಅವ್ವಂದೇ ಚೆನ್ನಾಗಿತ್ತು" ಎಂದಳು. "ನಿನ್ನ ಬೆರಳು ಉಪ್ಪು."

ಆಮೇಲೆ ಎರಡು ದಿನ ಕೊಟ್ಟೆ. ಪೊಟ್ಟಣ ಮುಗಿಯಿತು. ಎಂಟನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ, ಬೀದಿಯಲ್ಲಿ ಎಮ್ಮೆ ಕರೆಯುವ ಪಾತ್ರೆಗಳ ಸದ್ದಾಗುತ್ತಿರುವಾಗ, ಹೊನ್ನಿ ಹೋದಳು.

ಮೇಷ್ಟ್ರು ಜಗುಲಿಯಲ್ಲಿ ನಳಿಗೆ ತೊಳೆಯುತ್ತಿದ್ದರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಅವರಿಗೆ ಯಾವಾಗಲೂ ತೋಚುವುದನ್ನೇ ಕೇಳಿದರು. "ಐದನೇ ದಿನದ ಮೇಲೆ ನೀನು ಅಂಕಿ ಬರೆಸಲಿಲ್ಲ. ಆರನೇ ದಿನ ಎಷ್ಟಿತ್ತು?"

"ಎಣಿಸಲಿಲ್ಲ. ಸಾಕಮ್ಮ ಬಂದು ಮಗಳ ಕಥೆ ಹೇಳ್ತಿದ್ದಳು."

"ಯಾವುದು, ಮಣ್ಣಿಗೆ ಬಂದವರ ಹೆಸರೆಲ್ಲ ಹೇಳೋದಾ?"

"ಹೂಂ."

"ಅದು ಮುಗಿಯೋವರೆಗೂ ಹಾಲು ನಿಂತಿತ್ತಾ?"

ನಿಂತಿತ್ತು. ಆ ಕಥೆಯನ್ನು ನಮ್ಮೂರಿನಲ್ಲಿ ಕೇಳದವರಿಲ್ಲ. ಎಷ್ಟು ಬೇಗ ಹೇಳಿದರೂ ಇನ್ನೂರು ಎಣಿಸುವಷ್ಟು ಹೊತ್ತು ಬೇಕು. ಮೇಷ್ಟ್ರು ಕೈಯಲ್ಲಿದ್ದ ನಳಿಗೆಯನ್ನು ಕೆಳಗಿಟ್ಟರು. "ಕೆಲವಕ್ಕೆ ಬಾಗಿಲು ಬೇಗ ತೆರೆಯುತ್ತೆ" ಎಂದರು. "ಅವತ್ತು ಸಂಜೆಯ ಚಮಚ ಹೊಟ್ಟೇಲೇ ನಿಲ್ಲಬೇಕಿತ್ತಲ್ಲಯ್ಯ." ಆಮೇಲೆ ನನ್ನನ್ನು ನೋಡಿದರು, ನನ್ನ ಬಲಗೈಯನ್ನು ನೋಡಿದರು, ಮತ್ತೆ ನಳಿಗೆ ತೆಗೆದುಕೊಂಡು, ಆಗಲೇ ತೊಳೆದದ್ದನ್ನೇ ತೊಳೆಯತೊಡಗಿದರು.

ಅವ್ವ ಒಳಗಿನಿಂದ ಬಂದು ಕಂಬ ಹಿಡಿದು ನಿಂತಳು. ಯಾರೂ ಅವಳಿಗೆ ಹೇಳಬೇಕಾಗಲಿಲ್ಲ.

"ಕೇಳಿದಳಾ?" ಎಂದಳು.

"ಕೇಳಿದಳು."

"ಕೊಟ್ಟೆಯಾ?"

ನಳಿಗೆಯ ಮೇಲೆ ನೀರು ಬೀಳುವ ಸದ್ದು ನಿಂತಿತು. "ಇಲ್ಲ" ಎಂದೆ.

ಅವ್ವ ತಲೆಯಾಡಿಸಿದಳು. "ಒಳ್ಳೇದು ಮಾಡಿದೆ. ನಾನು ಹಾಳು ಮಾಡಿದ್ದ ದಿನಗಳನ್ನ ನೀನು ಎಲ್ಲಿಂದ ತಂದುಕೊಡ್ತೀಯಾ. ನಾನೇ ಕಣೋ ಕೊಂದದ್ದು. ನೀನು ಮನಸ್ಸಿಗೆ ಹಚ್ಚಿಕೋಬೇಡ." ಅವಳು ನನ್ನ ತಲೆ ಸವರಿದಳು. ಮೇಷ್ಟ್ರು ಮಾತಾಡುತ್ತಾರೆಂದು ಕಾದೆ. ಅವರು ಮಾತಾಡಲಿಲ್ಲ. ಇಂದಿಗೂ ಮಾತಾಡಿಲ್ಲ; ನಾನು ಅವರ ಮನೆಯ ಮುಂದೆ ಹೋಗುವಾಗ ಕಿಟಕಿ ಮುಚ್ಚುತ್ತಾರೆ, ಅಷ್ಟೇ.

ಐವತ್ತು ದಿನ ಕಳೆದು ಗಾಡಿ ಬಂತು. ಬೀದಿಯೆಲ್ಲ ಪಾಕದ ವಾಸನೆ. ಅವ್ವ ತನ್ನ ಪಾಲನ್ನು ಮುಟ್ಟಲಿಲ್ಲ. ಇನ್ನು ಮುಂದೆ ತನಗೆ ಹಾಲೇ ಸಾಕು, ತನ್ನ ಹೊಟ್ಟೆ ಮತ್ತೆ ಮರೆಯುವುದು ಬೇಡ ಎಂದಳು. ಊರು ಬೆಲ್ಲದ ನೊಣದ ಹಾಗೆ ಗುಂಯ್ಗುಡುವಾಗ ಅವಳೊಬ್ಬಳೇ ನಿಧಾನವಾಗಿ ಓಡಾಡುತ್ತಾಳೆ, ಮೈತುಂಬ ಹಾಲಿನ ವಾಸನೆ. ಬಂದವರ ಮುಂದೆಲ್ಲ ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತಾಳೆ, ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವನಾದರೂ ಗಟ್ಟಿ" ಎನ್ನುತ್ತಾಳೆ. ಮುಂಚಿನವರಿಗೆಲ್ಲ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿದೆ. ಊಟದ ಹೊತ್ತಿಗೆ ಅವ್ವ ನನ್ನ ಬಟ್ಟಲಿಗೆ ಪಾಕ ಬಡಿಸಿ, ಕೈಯನ್ನು ಬೂದಿ ಹಾಕಿ ತೊಳೆದು, ತನ್ನ ಲೋಟ ಹಿಡಿದು ನನ್ನ ಎದುರಿಗೆ ಕೂರುತ್ತಾಳೆ. ನಾನು ಅವಳ ಎದುರಿಗೇ ತಿನ್ನುತ್ತೇನೆ. ಸಿಹಿಯಾಗಿಯೇ ಇರುತ್ತದೆ.